ಶುಭ ಕೋರುವವರು

ಮಹಾರಾಷ್ಟ್ರದ ಊರುಗಳಲ್ಲಿ ನಾಲ್ಕು ದಿನ ಓಡಾಡಿದವರಿಗೂ 'ಭಾವಿ ನಗರಸೇವಕ' ಎಂಬ ಪದ ಗೊತ್ತಿರುತ್ತದೆ. ಚುನಾವಣೆ ಘೋಷಣೆಯಾಗಿಲ್ಲ, ಟಿಕೆಟ್ಟೂ ಸಿಕ್ಕಿಲ್ಲ, ಆದರೆ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಪಟ್ಟಾಭಿಷೇಕ ಮುಗಿದಿದೆ. ನಡುವೆ ಕಪ್ಪು ಕನ್ನಡಕದ ದೊಡ್ಡ ಮುಖ, ಮೇಲೆ ಪಕ್ಷದ ಹಿರಿಯರ ಸಾಲು, ಕೆಳಗೆ ಅಂಚೆಚೀಟಿ ಗಾತ್ರದ ಮೂವತ್ತು ನಲವತ್ತು ಮುಖಗಳು. ಅವರೆಲ್ಲ 'ಶುಭೇಚ್ಛುಕ'ರು. ನಮ್ಮ ಕಡೆಯ ಫ್ಲೆಕ್ಸಿನಲ್ಲಿ ಅದೇ ಜಾಗದಲ್ಲಿ 'ಶುಭ ಕೋರುವವರು' ಎಂದಿರುತ್ತದೆ. ಎರಡು ಭಾಷೆಯಲ್ಲೂ ಕೋರುವವರು ಇದ್ದಾರೆ, ಕಟ್ಟಿದವರು ಇಲ್ಲ. ಕಾನೂನು ಹುಡುಕುವುದು ಕಟ್ಟಿದವರನ್ನು. ಮುಖ ಯಾರದು ಎಂದು ಇಡೀ ಬೀದಿಗೆ ಗೊತ್ತಿದ್ದರೂ ಆ ಮುಖದವರು 'ಕಾರ್ಯಕರ್ತರು ಪ್ರೀತಿಯಿಂದ ಹಾಕಿದ್ದಾರೆ, ನನಗೆ ಗೊತ್ತೇ ಇರಲಿಲ್ಲ' ಎಂದರೆ ಮುಗಿಯಿತು.

ಅಂಥದೊಂದು ಊರಿನಲ್ಲಿ, ಹೆಸರು ಇಲ್ಲಿ ಬೇಡ, ಗದಗ ಜಿಲ್ಲೆಯ ಹೆಂಗಸೊಬ್ಬರು ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾರೆ. ಅಂಗಡಿಯ ಮುಂದೆ ರಸ್ತೆ ತಿರುಗುತ್ತದೆ, ತಿರುವಿನಾಚೆ ಶಾಲೆ. ತಿರುವಿನ ದೀಪದ ಕಂಬಕ್ಕೂ ಪಕ್ಕದ ಬೇವಿನ ಮರಕ್ಕೂ ಸೇರಿಸಿ ಫ್ಲೆಕ್ಸ್ ಕಟ್ಟಿದರೆ, ದಾಟಲು ನಿಂತ ಮಕ್ಕಳು ರಿಕ್ಷಾದವರಿಗೆ ಕಾಣುವುದಿಲ್ಲ. ಮಶೀನಿನ ಮುಂದೆ ಕೂತ ಇವರಿಗೆ ಬ್ರೇಕಿನ ಸದ್ದು ಕೇಳುತ್ತದೆ. ಒಂದು ಮಧ್ಯಾಹ್ನ ಹುಡುಗಿಯೊಬ್ಬಳ ದಫ್ತರಕ್ಕೆ ರಿಕ್ಷಾ ತಾಗಿ ಪುಸ್ತಕವೆಲ್ಲ ರಸ್ತೆಯಲ್ಲಿ ಚೆಲ್ಲಿದವು. ಹುಡುಗಿಗೆ ಏನೂ ಆಗಲಿಲ್ಲ. ಅವತ್ತೇ ಇವರು ಮಗನಿಂದ ಪಾಲಿಕೆಯ ಆ್ಯಪ್ ಹಾಕಿಸಿಕೊಂಡರು.

ದೂರು ಹೋಗುವುದು 'ಆಕಾಶಚಿನ್ಹ ವ ಪರವಾನಾ ವಿಭಾಗ'ಕ್ಕೆ. ಮಹಾರಾಷ್ಟ್ರದ ಹಲವು ಪಾಲಿಕೆಗಳಲ್ಲಿ ಈ ಹೆಸರಿನ ವಿಭಾಗವಿದೆ. ಇಂಗ್ಲಿಷಿನ 'ಸ್ಕೈ ಸೈನ್' ಎಂಬುದನ್ನು ಪದಕ್ಕೆ ಪದ ಮರಾಠಿಗೆ ತಂದದ್ದು. ಮುಂಬೈಯ 1888ರ ಪಾಲಿಕೆ ಕಾಯ್ದೆಯಲ್ಲೇ ಸ್ಕೈ ಸೈನಿಗೆಂದು 328ನೇ ಕಲಮು ಇದೆ. ಕೇಳಿದರೆ ಜ್ಯೋತಿಷ್ಯದ ಇಲಾಖೆ ಅನ್ನಿಸುತ್ತದೆ. ಆ್ಯಪ್ ಕೇಳುವುದು ಇಷ್ಟೇ: ಫೋಟೋ, ಜಾಗ, ಮೊಬೈಲ್ ನಂಬರು. ಮೊಬೈಲ್ ನಂಬರಿನ ಹತ್ತಿರ ಬಂದಾಗ ಅವರ ಬೆರಳು ನಿಂತಿತು. ಅಂಗಡಿಗೆ ಬೀಗ ಹಾಕಿಕೊಂಡು ಬೇರೆ ಕಡೆ ಹೋಗುವಂತಿಲ್ಲ, ಮುಖ ದಿನಾ ಅದೇ ರಸ್ತೆಯಲ್ಲಿ ಜೀಪಿನಲ್ಲಿ ಹೋಗುತ್ತದೆ. ಮಗ ತನ್ನ ನಂಬರು ಕೊಟ್ಟ.

ಮೊದಲ ದೂರಿಗೆ ಒಂಬತ್ತನೇ ದಿನ ಉತ್ತರ ಬಂತು: ಸ್ಥಳ ಪರಿಶೀಲಿಸಲಾಗಿ ಫಲಕ ಕಂಡುಬಂದಿಲ್ಲ, ದೂರು ಮುಕ್ತಾಯ. ನಿಜವೇ. ಹುಟ್ಟುಹಬ್ಬದ ಫ್ಲೆಕ್ಸಿನ ಆಯುಸ್ಸು ಮೂರು ದಿನ, ದೂರಿನದು ಒಂದು ವಾರ. ಆದರೆ ಫ್ಲೆಕ್ಸ್ ಹೋದರೂ ಕಟ್ಟಿಗೆಯ ಚೌಕಟ್ಟು ಕಂಬದ ಮೇಲೇ ಉಳಿಯುತ್ತದೆ. ಮುಂದಿನವರ ಹುಟ್ಟುಹಬ್ಬಕ್ಕೋ ಗಣಪತಿಗೋ ಅದರ ಮೇಲೇ ಹೊಸದನ್ನು ಬಿಗಿಯುತ್ತಾರೆ. ಇವರು ಬರೀ ಚೌಕಟ್ಟಿನ ಫೋಟೋ ಕಳಿಸಿ ನೋಡಿದರು. ಅದರಲ್ಲಿ ಜಾಹೀರಾತೇ ಇಲ್ಲವಲ್ಲ ಎಂದು ಅದೂ ಮುಕ್ತಾಯವಾಯಿತು.

ಕಾನೂನಿಗೆ ಬರವಿಲ್ಲ. ಮಹಾರಾಷ್ಟ್ರದಲ್ಲಿ 1995ರ ಆಸ್ತಿ ವಿರೂಪ ತಡೆ ಕಾಯ್ದೆ ಇದೆ, ಮೂರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ. ಕರ್ನಾಟಕದ್ದು 1981ರದು. ಬಾಂಬೆ ಹೈಕೋರ್ಟ್ 2017ರ ಜನವರಿಯಲ್ಲಿ ಅಕ್ರಮ ಫಲಕಗಳ ಬಗ್ಗೆ ವಿವರವಾದ ತೀರ್ಪು ಕೊಟ್ಟಿದೆ. 2018ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್ ಗದರಿದಾಗ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್‌ಗಳು ಕೆಳಗಿಳಿದವು. ಅಂದರೆ ಇಳಿಸಲು ಆಗುತ್ತದೆ. ಚೆನ್ನೈಯಲ್ಲಿ 2019ರ ಸೆಪ್ಟೆಂಬರ್ 12ರಂದು ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದ 23 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಮೇಲೆ ಮದುವೆಯ ಬ್ಯಾನರ್ ಬಿತ್ತು, ಹಿಂದಿನಿಂದ ಬಂದ ನೀರಿನ ಲಾರಿ ಹರಿಯಿತು. ಮದುವೆ ಆಗಿನ ಆಡಳಿತ ಪಕ್ಷದ ಮಾಜಿ ಕೌನ್ಸಿಲರ್ ಮನೆಯದು. ಆಮೇಲೆ ಪಕ್ಷಗಳೂ ನಟರೂ ನಮಗೆ ಬ್ಯಾನರ್ ಬೇಡ ಎಂದು ಹೇಳಿಕೆ ಕೊಟ್ಟರು.

ದೊಡ್ಡ ಹೋರ್ಡಿಂಗಿನ ಕತೆಯೂ ಬಹಳ ಬೇರೆಯಲ್ಲ. 2024ರ ಮೇ 13ರ ಧೂಳುಗಾಳಿಗೆ ಘಾಟ್ಕೋಪರದ ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಜನರನ್ನು ಕೊಂದ ಫಲಕ 120 ಅಡಿ ಉದ್ದ, 120 ಅಡಿ ಅಗಲ ಇತ್ತು. ಪಾಲಿಕೆಯ ಮಿತಿ 40ಕ್ಕೆ 40. ನೆಲ ರೈಲ್ವೆ ಪೊಲೀಸರ ವಶದಲ್ಲಿತ್ತು, ಹಾಗಾಗಿ ಅನುಮತಿ ಯಾರು ಕೊಡಬೇಕಿತ್ತು ಎಂಬ ಜಗಳ ಹೆಣ ತೆಗೆಯುವಾಗಲೇ ಶುರುವಾಯಿತು. ಅಷ್ಟು ದೊಡ್ಡದು ಯಾರಿಗೂ ಕಾಣಲಿಲ್ಲ ಎನ್ನುವಂತಿರಲಿಲ್ಲ, ಲಿಮ್ಕಾ ದಾಖಲೆ ಪುಸ್ತಕಕ್ಕೂ ಅದು ಹೋಗಿತ್ತು.

ಟೇಲರ್ ಬಾಯಿಯ ಐದನೇ ದೂರು ಫಲಿಸಿತು. ಬೆಳಗಾಗುವ ಮುಂಚೆಯೇ ಪಾಲಿಕೆಯ ಟೆಂಪೋ ಬಂತು. ಫ್ಲೆಕ್ಸ್ ಇನ್ನೂ ಅರ್ಧ ಕಟ್ಟಿತ್ತು. ಅದನ್ನೂ ಚೌಕಟ್ಟನ್ನೂ ಕಿತ್ತು, ಕೆಳಗಿದ್ದ ಏಣಿಯನ್ನೂ ಹಾಕಿಕೊಂಡು ಹೋದರು. ಎರಡು ದಿನ ಬಿಟ್ಟು ಅಂಗಡಿಗೆ ಒಬ್ಬ ಹುಡುಗ ಬಂದ, ಆಳಂದ ಕಡೆಯವನು. ಮಳೆಗಾಲದಲ್ಲಿ ಅಂಗಡಿಯ ಶೀಟಿನ ಮೇಲೆ ಹೊದಿಸಲು ಹಳೆ ಫ್ಲೆಕ್ಸ್ ತಂದುಕೊಟ್ಟವನೂ ಅವನೇ.

"ಅಕ್ಕಾ, ನನ್ನ ನಿಚ್ಚಣಕಿ ಹಿಡಕೊಂಡು ಹೋಗ್ಯಾರ್ರೀ. ಬಿಡಸಾಕ ಅರ್ಜಿ ಬೇಕಂತ. ಮರಾಠಿ ಬರಿಯಾಕ ನನಗ ಬರಂಗಿಲ್ಲ."

"ಯಾರ ಕಟ್ಟಾಕ ಹೇಳಿದ್ರೋ, ಅವರನ್ನ ಕೇಳಬೇಕಿಲ್ಲೇನಪಾ?"

"ಅಣ್ಣಾರ್ ಫೋನ ಎತ್ತವಲ್ರು ಅಕ್ಕಾ. ರಾತ್ರಿ ಕೂಲಿನೂ ಕೊಟ್ಟಿಲ್ಲ."

ಅವನಿಗೆ ಗೊತ್ತಿರಲಿಲ್ಲ ದೂರು ಯಾರದೆಂದು. ಅವರು ಹೇಳಲೂ ಇಲ್ಲ. ಬಿಲ್ ಪುಸ್ತಕದ ಹಿಂದಿನ ಹಾಳೆ ಹರಿದು ಅರ್ಜಿ ಬರೆದರು: ಏಣಿ ಬಡವನ ಹೊಟ್ಟೆಪಾಡಿನದು, ಫಲಕ ಅವನದಲ್ಲ, ದಯವಿಟ್ಟು ಬಿಡುಗಡೆ ಮಾಡಬೇಕು. ಬರೆಯುವಾಗ ಅವರಿಗೆ ತಮ್ಮ ಜಿಲ್ಲೆಯ ಸೂರಣಗಿ ನೆನಪಿಗೆ ಬಂತು. 2024ರ ಜನವರಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ, ವಿದ್ಯುತ್ ತಗುಲಿ ಮೂವರು ಯುವಕರು ಸತ್ತದ್ದು ಅಲ್ಲೇ. ಈ ತಿರುವಿನ ಕಂಬದಲ್ಲೂ ತಂತಿ ಜೋತುಬಿದ್ದಿದೆ, ಹುಡುಗ ಹತ್ತುವುದು ರಾತ್ರಿ ಎರಡಕ್ಕೆ, ಕೈಗವಸೂ ಇಲ್ಲದೆ.

"ಆ ತಿರುವಿನ ಕಂಬ ಒಂದು ಬಿಟ್ಟು ಕಟ್ಟೋ, ಹುಡುಗರು ಕಾಣಂಗಿಲ್ಲ" ಎಂದರು.

"ಜಾಗಾ ನಾ ಹೇಳಾಂಗಿಲ್ರಿ ಅಕ್ಕಾ. ಅಲ್ಲೇ ಮಂದಿ ನೋಡ್ತಾರಂತ."

ಏಣಿ ಎರಡು ವಾರದ ಮೇಲೆ ವಾಪಸು ಬಂತು, ಒಂದು ಮೆಟ್ಟಿಲು ಮುರಿದಿತ್ತು. ಮುಖದ ಮೇಲೆ ಯಾವ ಕೇಸೂ ಆಗಲಿಲ್ಲ. ಗಣಪತಿ ಹಬ್ಬದ ಹಿಂದಿನ ವಾರ ಅದೇ ಕಂಬದಲ್ಲಿ ಮತ್ತೆ ಫ್ಲೆಕ್ಸ್ ಎದ್ದಿತು. ಅವರು ಮತ್ತೆ ದೂರು ಕೊಟ್ಟರು. ಈ ಸಲ ಎರಡು ಫೋಟೋ ಹಾಕಿದರು. ಒಂದು ಇಡೀ ಫಲಕದ್ದು, ಇನ್ನೊಂದು ಕೆಳಗಿನ ಬಲ ಮೂಲೆಯದು. ಅಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಫ್ಲೆಕ್ಸ್ ಮುದ್ರಿಸಿದ ಅಂಗಡಿಯ ಹೆಸರೂ ಫೋನ್ ನಂಬರೂ ಇರುತ್ತವೆ. ಆರ್ಡರ್ ಕೊಟ್ಟವರು ಯಾರು, ದುಡ್ಡು ಯಾರು ಕೊಟ್ಟರು ಎಂದು ಅವರನ್ನು ಕೇಳಿ ಎಂದು ಕೆಳಗಿನ ಖಾಲಿ ಜಾಗದಲ್ಲಿ ಮರಾಠಿಯಲ್ಲಿ ಬರೆದರು. ಮೊಬೈಲ್ ನಂಬರಿನ ಕಡೆ ತಮ್ಮದನ್ನೇ ಹಾಕಿದರು.