ಪೆಟ್ರೋಲ್ ಟ್ಯಾಂಕಿಗೆ ಡ್ಯೂಪ್ ಇಲ್ಲ!

ಸಿನಿಮಾದಲ್ಲಿ ಕಾರು ಸುಡುವುದು ಬಹಳ ಸಲೀಸು. ವಿಲನ್ನಿನ ಕಾರು ಘಾಟಿಯ ತಿರುವಿನಲ್ಲಿ ಪಲ್ಟಿ ಹೊಡೆಯಬೇಕು, ಟ್ಯಾಂಕಿನಿಂದ ಪೆಟ್ರೋಲ್ ತೊಟ್ಟಿಕ್ಕಬೇಕು, ಹೀರೋ ಒಂದು ಕಡ್ಡಿ ಗೀರಿ ಎಸೆದು, ಹಿಂದೆ ತಿರುಗಿ ನೋಡದೆ ನಡೆದುಬಿಡಬೇಕು... ಢಂ! ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ನಾನೂ ಹೊಡೆದವನೇ ಸ್ವಾಮಿ, ಸುಳ್ಳು ಯಾಕೆ ಹೇಳಲಿ?

ಆದರೆ ಆ ಢಂ ಅನ್ನೋ ಸದ್ದಿನ ಹಿಂದೆ ಬೆಂಕಿ ಕೆಲಸದವರು ಎಷ್ಟು ತಯಾರಿ ಮಾಡಿರುತ್ತಾರೆ, ಎಷ್ಟು ದೂರದಲ್ಲಿ ಕ್ಯಾಮೆರಾ ಇಟ್ಟಿರುತ್ತಾರೆ, ಕಾರಿನೊಳಗೆ ಮನುಷ್ಯರ ಬದಲು ಬೊಂಬೆ ಕೂರಿಸಿರುತ್ತಾರೆ ಅನ್ನೋದು ತೆರೆಯ ಮೇಲೆ ಕಾಣುವುದಿಲ್ಲ. ಹಾಗಾಗಿ ನಮ್ಮ ಹುಡುಗರ ತಲೆಯಲ್ಲಿ ಒಂದು ತಪ್ಪು ಲೆಕ್ಕ ಕೂತುಬಿಟ್ಟಿದೆ: ಪೆಟ್ರೋಲ್ ತುಂಬಿದ ಟ್ಯಾಂಕು ಅಪಾಯ, ಖಾಲಿ ಟ್ಯಾಂಕು ಬರೀ ತಗಡಿನ ಡಬ್ಬ ಅಂತ. ನಿಜ ಇದರ ಉಲ್ಟಾ! ಅದನ್ನು ಹೇಳೋದಕ್ಕೇ ಈ ಬರಹ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಅಂಬಾಸಿಡರ್ ಇದೆ. 1984ರ ಮಾರ್ಕ್ 4, ಪೆಟ್ರೋಲ್ ಗಾಡಿ, 1489 ಸಿಸಿ ಎಂಜಿನ್. ಚಾಮರಾಜೇಶ್ವರನ ಆಷಾಢದ ತೇರಿಗೆ ಎಷ್ಟೋ ಹೊಸ ಜೋಡಿಗಳನ್ನು ಹೊತ್ತು ತಂದ ಗಾಡಿ ಅದು. ಹೋದ ಮಳೆಗಾಲದಲ್ಲಿ ಹಿಂದಿನ ಸೀಟಿನಲ್ಲಿ ಕೂತವರೆಲ್ಲ ಮೂಗು ಮುಚ್ಚಿಕೊಳ್ಳಲು ಶುರು ಮಾಡಿದರು. ಬೆಳಿಗ್ಗೆ ನೋಡಿದರೆ ಡಿಕ್ಕಿಯ ಕೆಳಗೆ ಸಿಮೆಂಟು ನೆಲದ ಮೇಲೆ ಅಂಗೈ ಅಗಲದ ಕಲೆ. ಬೆರಳು ಅದ್ದಿ ಮೂಸಿದೆ. ಅನುಮಾನವೇ ಬೇಡ, ಟ್ಯಾಂಕು ಸೋರುತ್ತಿದೆ!

ಈ ರೋಗ ಹೊರಗಿನಿಂದಲೂ ಬರುತ್ತದೆ, ಒಳಗಿನಿಂದಲೂ ಬರುತ್ತದೆ. ಹೊರಗೆ, ಟ್ಯಾಂಕಿನ ಅಂಚಿನಲ್ಲಿ, ಬೋಲ್ಟು ಕೂರುವ ಜಾಗದಲ್ಲಿ ಕೆಸರು ಸಿಕ್ಕಿಕೊಂಡು ಒದ್ದೆಯಾಗಿಯೇ ಉಳಿದು ತಗಡನ್ನು ತಿನ್ನುತ್ತದೆ. ಒಳಗಿನ ಕಥೆ ಬೇರೆ. ಗಾಡಿಯನ್ನು ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ನೇರವಾಗಿ ತಳ ಸೇರುತ್ತದೆ. ಅಲ್ಲೇ ಕೂತು ಒಳಗಿಂದೊಳಗೇ ತುಕ್ಕು ಹಿಡಿಸುತ್ತದೆ.

ಈಗ ಅದಕ್ಕೊಬ್ಬ ಜೊತೆಗಾರನೂ ಸೇರಿದ್ದಾನೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಗಳು ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಈ ಎಥನಾಲಿಗೆ ನೀರೆಂದರೆ ಬಲು ಪ್ರೀತಿ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಅದರ ಜೊತೆಗೇ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಹಳೇ ಕಾಲದ ರಬ್ಬರ್ ಪೈಪುಗಳಿಗೂ ಇದು ಆಗಿಬರುವುದಿಲ್ಲ. ನಲವತ್ತು ವರ್ಷದ ಗಾಡಿ ಇಟ್ಟುಕೊಂಡವರು ಇದನ್ನು ತಿಳಿದಿರಲೇಬೇಕು.

ಖಾಲಿ ಟ್ಯಾಂಕಿನ ಗುಟ್ಟು

ಚಾಮರಾಜನಗರದ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ವಿಚಾರಿಸಿದೆ. ಹುಡುಗ ಒಳ್ಳೆಯವನೇ, ಕೆಲಸಗಾರನೇ. ಗೋಡೆಯ ಮೇಲೆ ಅಣ್ಣಾವ್ರ ಪಟ, ಪಕ್ಕದಲ್ಲೇ ಶಂಕರಣ್ಣನ ಪಟ. ನನ್ನ ಮಾತು ಕೇಳಿ ನಕ್ಕ.

"ಯಾಕಣ್ಣ ಹೆದುರ್ಕತೀರಿ? ಪೆಟ್ರೋಲ್ ಎಲ್ಲಾ ಬಸುದ್ಬುಟ್ಟು ತಕ್ಕಬನ್ನಿ. ಖಾಲಿ ಟ್ಯಾಂಕು ತಾನೇ? ಐದು ನಿಮ್ಸ ಗ್ಯಾಸ್ ಹಿಡುದ್ರ ಆಯ್ತು!"

"ಬೇಡ ಕಣಪ್ಪ. ಖಾಲಿ ಅನ್ನೋದೇ ನಂಗೆ ಭಯ" ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕೇಳಿ.

ಪೆಟ್ರೋಲ್ ದ್ರವವಾಗಿದ್ದಾಗ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿಯನ್ನು ಅದು ಬಿಡುತ್ತದೆ ಅಂದರೆ ನಮ್ಮೂರ ಬಿಸಿಲಿನಲ್ಲಿ ಹೇಗಿರಬೇಡ? ಆ ಆವಿ ಗಾಳಿಯ ಜೊತೆ ಒಂದು ಹದದಲ್ಲಿ ಬೆರೆತರೆ, ನೂರರಲ್ಲಿ ಸುಮಾರು ಒಂದೂವರೆ ಭಾಗದಿಂದ ಏಳೂವರೆ ಭಾಗದವರೆಗೆ, ಒಂದೇ ಒಂದು ಕಿಡಿ ಸಾಕು, ಸಿಡಿಯುತ್ತದೆ. ತುಂಬಿದ ಟ್ಯಾಂಕಿನ ಒಳಗೆ ಗಾಳಿಗೆ ಜಾಗವೇ ಇಲ್ಲ, ಹದ ಕೂಡುವುದಿಲ್ಲ. ಬಸಿದು ಖಾಲಿ ಮಾಡಿದಾಗಲೇ ಗಾಳಿ ಒಳಗೆ ನುಗ್ಗುತ್ತದೆ. ಮೂಲೆಯಲ್ಲಿ, ತುಕ್ಕಿನ ಸಂದಿಯಲ್ಲಿ ಉಳಿದ ನಾಲ್ಕು ಚಮಚ ಪೆಟ್ರೋಲೇ ಟ್ಯಾಂಕನ್ನು ಬಾಂಬು ಮಾಡಲು ಸಾಕು. ಗ್ಯಾಸ್ ವೆಲ್ಡಿಂಗಿನ ಜ್ವಾಲೆಯೋ, 3,000 ಡಿಗ್ರಿ ದಾಟಿದ್ದು!

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. 1986ರಲ್ಲಿ ನಾನೂ ನನ್ನ ಗೆಳೆಯನೂ ಗುಂಡ್ಲುಪೇಟೆಯಲ್ಲಿ ಟೆಂಟ್ ಸಿನಿಮಾ ಬಿಡದೆ ನೋಡುತ್ತಿದ್ದ ಕಾಲ. ಅವನು ಹಗಲು ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಫೈಟ್ ಸೀನುಗಳನ್ನು ಮಾರನೇ ದಿನವೇ ಗ್ಯಾರೇಜಿನ ಹಳೇ ಟೈರುಗಳ ಮೇಲೆ ಹಾರಿ ಮಾಡಿ ತೋರಿಸುತ್ತಿದ್ದ. ಮದ್ರಾಸಿಗೆ ಹೋಗಿ ಸ್ಟಂಟ್ ಯೂನಿಯನ್ ಸೇರುತ್ತೇನೆ ಅನ್ನುತ್ತಿದ್ದ. ಒಂದು ಮಧ್ಯಾಹ್ನ ಯಾರದ್ದೋ ಜೀಪಿನ ಟ್ಯಾಂಕು ಬಂತು. ಎರಡು ದಿನದಿಂದ ಒಣಗಿಸಿದ್ದೇವೆ, ಖಾಲಿ ಅಂದರು. ಇವನು ಹಿಡಿದುಕೊಂಡ, ಇನ್ನೊಬ್ಬ ಗ್ಯಾಸ್ ಹಚ್ಚಿದ. ಸದ್ದು ನಮ್ಮ ಬೀದಿಯವರೆಗೂ ಕೇಳಿಸಿತು.

ಜೀವ ಉಳಿಯಿತು. ಬಲಗಣ್ಣು ಹೋಯಿತು, ಬಲಗೈಯ ಎರಡು ಬೆರಳು ಹೋದವು. ಈಗ ತೆರಕಣಾಂಬಿ ಕಡೆ ಟೀ ಅಂಗಡಿ ಇಟ್ಟುಕೊಂಡಿದ್ದಾನೆ. ಈಗಲೂ ಹೊಸ ಚಿತ್ರ ಬಂದರೆ ಮೊದಲ ವಾರವೇ ನೋಡುತ್ತಾನೆ. ಕಾರು ಸಿಡಿಯುವ ಸೀನು ಬಂದರೆ ಮಾತ್ರ ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಾನೆ. ನಾನು ಹಿಂದೆ ಹೋಗುವುದಿಲ್ಲ.

ವೆಲ್ಡಿಂಗ್ ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, "ಅಂಗಾರ ನಂಗ ಯಾರೂ ಹೇಳ್ಕೊಡ್ಲಿಲ್ವಲ್ಲಣ್ಣ..." ಅಂದ.

ಮೇಸ್ತ್ರಿಯ ಕೈ ಕೆಲಸ

ಗುಂಡ್ಲುಪೇಟೆಯಲ್ಲಿ ಹಳಬರೊಬ್ಬರು ಮೇಸ್ತ್ರಿ ಇದ್ದಾರೆ. ಫೋನು ಮಾಡಿದೆ. "ಗಾಡಿ ಓಡಿಸ್ಕಂಡು ಬರ್ಬ್ಯಾಡಿ. ಟ್ಯಾಂಕು ಇಳ್ಸಿ ಕಳ್ಸಿ" ಅಂದರು. ಬಯಲಲ್ಲಿ ಗಾಡಿ ನಿಲ್ಲಿಸಿ, ಬ್ಯಾಟರಿ ವೈರು ಬಿಚ್ಚಿ, ಪೆಟ್ರೋಲನ್ನು ಮುಚ್ಚಳವಿರುವ ಕ್ಯಾನಿಗೆ ಬಸಿದು, ಟ್ಯಾಂಕು ಇಳಿಸಿದೆವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ ಸ್ವಾಮಿ. ಮೇಲೆ ಹಾರಿ ಹೋಗದೆ ನೆಲದ ಮೇಲೆ ಹಾವಿನಂತೆ ಹರಿದು ಎಲ್ಲೋ ದೂರದ ಒಲೆಯನ್ನೂ ಮುಟ್ಟುತ್ತದೆ. ಅದಕ್ಕೇ ಷೆಡ್ಡಿನ ಒಳಗೆ, ಗುಂಡಿಯ ಒಳಗೆ ಈ ಕೆಲಸ ಕೂಡದು. ಆಮೇಲೆ ಹಿಂದೆ ತೆರೆದಿರುವ ಗೂಡ್ಸ್ ಆಟೋದಲ್ಲಿ ಟ್ಯಾಂಕು ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಇಂಥದ್ದನ್ನು ಹತ್ತಿಸಲೇಬಾರದು.

ಮೇಸ್ತ್ರಿ ಟ್ಯಾಂಕನ್ನು ಮುಟ್ಟುವ ಮೊದಲೇ ಬೀಡಿ ಕಟ್ಟನ್ನು ತೆಗೆದು ಗಲ್ಲಾದಲ್ಲಿ ಇಟ್ಟರು. ತೇಲುಗುಂಡಿನ ರಿಂಗನ್ನು ಕಬ್ಬಿಣದ ಉಳಿಯಿಂದ ಹೊಡೆಯದೆ ಮರದ ತುಂಡು ಇಟ್ಟು ತಟ್ಟಿ ಬಿಚ್ಚಿದರು, ಕಿಡಿ ಏಳಬಾರದು ನೋಡಿ. ಆಮೇಲೆ ಹಂಡೆಯಲ್ಲಿ ನೀರು ಕಾಯಿಸಿ, ವಾಷಿಂಗ್ ಸೋಡಾ ಕಲಸಿ, ಒಳಗೆ ಒಂದು ಹಿಡಿ ಹಳೇ ನಟ್ಟುಗಳನ್ನು ಹಾಕಿ ಕುಲುಕಿಸಿದರು. ನೀರು ಚೆಲ್ಲಿದರೆ ಕಾಫಿ ಡಿಕಾಕ್ಷನ್ನಿನಂತೆ ತುಕ್ಕು! ಹೀಗೆ ನಾಲ್ಕು ಸಲ. ನನಗೆ ಊರು ಸೇರುವ ಆತುರ.

"ಒಸಿ ತಡ್ಕಳಿ. ಅರ್ಜೆಂಟ್ ಇರೋರು ಈ ಕೆಲ್ಸಕ್ಕ ಬರ್ಬಾರ್ದು ಕನಪ್ಪ" ಅಂದರು ಮೇಸ್ತ್ರಿ.

ತಳವನ್ನು ಮೇಲೆ ಮಾಡಿ ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರು. ಅಂಚಿನ ಹೊಲಿಗೆಯ ಹತ್ತಿರ ಸೂಜಿ ಮೊನೆಯಂಥ ಮೂರು ತೂತು. ಸುತ್ತ ಬೆರಳಿನಿಂದ ಒತ್ತಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದರು. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ದಪ್ ಅನ್ನುತ್ತದೆ. ಗಟ್ಟಿ ತಗಡಿನಲ್ಲಿ ಒಂದೆರಡು ತೂತಿದ್ದರೆ ತೇಪೆ ಹಾಕಬಹುದು. ಒತ್ತಿದರೆ ಹಪ್ಪಳದಂತೆ ಮುರಿಯುವುದಾದರೆ ಎಷ್ಟು ತೇಪೆ ಹಾಕಿದರೂ ದಂಡ, ಟ್ಯಾಂಕೇ ಬದಲಾಯಿಸಬೇಕು. ನಮ್ಮದು ಒಂದು ಮೂಲೆ ಮಾತ್ರ ಸೋತಿತ್ತು.

ಬೆಸುಗೆಯ ಕ್ರಮ ನೋಡಿ. ತೂತಿನ ಭಾಗ ಮೇಲೆ ಬರುವಂತೆ ಟ್ಯಾಂಕು ನಿಲ್ಲಿಸಿ, ಆ ಜಾಗದ ಕೆಳಗೆ ಒಂದಂಗುಲದವರೆಗೆ ನೀರು ತುಂಬಿದರು. ಒಳಗೆ ಆವಿ ನಿಲ್ಲಲು ಜಾಗವೇ ಉಳಿಯಬಾರದು. ಬಾಯಿ ಮುಚ್ಚದೆ ತೆರೆದೇ ಇಟ್ಟರು. ಕುಲುಮೆ ಹಿತ್ತಲಿನ ಆ ಕೊನೆಯಲ್ಲಿ. ಅಲ್ಲಿ ದಪ್ಪ ತಾಮ್ರದ ಬೆಸುಗೆ ಕೋಲು ಕಾಯಿಸಿಕೊಂಡು ಇಲ್ಲಿಗೆ ಬರುವುದು, ಸೀಸ ಕರಗಿಸಿ ತಗಡಿನ ತೇಪೆ ಕೂರಿಸುವುದು, ಮತ್ತೆ ಅಲ್ಲಿಗೆ ಹೋಗುವುದು. ಟ್ಯಾಂಕಿನ ಹತ್ತಿರ ಜ್ವಾಲೆ ಸುಳಿಯಲೇ ಇಲ್ಲ! ಕೊನೆಗೆ ಬೆಸುಗೆಯ ಆಸಿಡ್ಡನ್ನು ಚೆನ್ನಾಗಿ ತೊಳೆದರು. ಉಳಿದರೆ ಅದೇ ಹೊಸ ತುಕ್ಕಿಗೆ ಬೀಜ. ಸೋಪು ನೀರು ಸವರಿ, ಸೈಕಲ್ ಪಂಪಿನಿಂದ ಎರಡೇ ಎರಡು ಸಲ ಗಾಳಿ ಊದಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಕಂಪ್ರೆಸರ್ ಗಾಳಿ ಬಿಟ್ಟರೆ ಟ್ಯಾಂಕು ಉಬ್ಬಿ ಹೊಲಿಗೆ ಬಿಟ್ಟುಕೊಳ್ಳುತ್ತದಂತೆ.

"ಇದು ಎರಡು ವರ್ಸಕ್ಕ ಅಷ್ಟೇಯ. ಅಷ್ಟ್ರೊಳಗ ಬ್ಯಾರೆ ಟ್ಯಾಂಕು ಹುಡುಕ್ಕಳಿ" ಎಂದು ಮೇಸ್ತ್ರಿ ಮೊದಲೇ ಹೇಳಿಬಿಟ್ಟರು. ಇಂಥ ಮಾತು ಹೇಳುವ ಮೇಸ್ತ್ರಿಯನ್ನು ನಂಬಬೇಕು ಕಣ್ರೀ. ಆದರೆ ಹುಡುಕುವುದು ಎಲ್ಲಿ? ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲೇ ನಿಂತುಹೋಯಿತು. ಗುಜರಿಯಲ್ಲಿ ಸಿಕ್ಕಿದ್ದನ್ನು ಟಾರ್ಚು ಬಿಟ್ಟು ಒಳಗೆಲ್ಲ ನೋಡಿ ತರಬೇಕು. ಟಾರ್ಚು ಮಾತ್ರ, ಬೆಂಕಿ ಕಡ್ಡಿ ಅಲ್ಲ! ಟ್ಯಾಂಕು ಬದಲಾದರೂ ತೇಪೆ ಬಿದ್ದರೂ ಹಳೇ ರಬ್ಬರ್ ಪೈಪು, ಕ್ಲಿಪ್ಪು, ಫಿಲ್ಟರು ಎಲ್ಲ ಹೊಸದಾಗಬೇಕು. ಇಲ್ಲದಿದ್ದರೆ ಒಳಗೆ ಸಡಿಲವಾದ ತುಕ್ಕು ಹೋಗಿ ಕಾರ್ಬುರೇಟರನ್ನು ಕಟ್ಟಿಹಾಕುತ್ತದೆ.

ದಾರಿಯಲ್ಲಿ ಸೋರಿದರೆ?

ಬಟ್ಟೆ ಸೋಪನ್ನು ತೂತಿಗೆ ಒತ್ತಿ ಉಜ್ಜುವ ಉಪಾಯ ಹಳೇ ಡ್ರೈವರುಗಳಿಗೆಲ್ಲ ಗೊತ್ತು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನೀರಿನಲ್ಲಿ ಕರಗುತ್ತದೆ, ಮಳೆ ಬಂದರೆ ಹೋಯಿತು! ಗಾಡಿಯನ್ನು ಜನರಿಂದ, ಅಂಗಡಿಯಿಂದ ದೂರ ನಿಲ್ಲಿಸಲು, ಇನ್ನೊಂದು ಗಾಡಿ ಬರುವವರೆಗೆ ಸೋರಿಕೆ ತಡೆಯಲು ಅದು ಸಾಕು. ಅದನ್ನೇ ನಂಬಿಕೊಂಡು ಊಟಿಗೆ ಹೊರಡಬೇಡಿ.

ಗುಂಡ್ಲುಪೇಟೆ ದಾಟಿದರೆ ಬಂಡೀಪುರದ ಕಾಡು. ಬೇಸಿಗೆಯಲ್ಲಿ ತರಗೆಲೆ ರಸ್ತೆಯವರೆಗೂ ಬಿದ್ದಿರುತ್ತದೆ. 2019ರ ಫೆಬ್ರವರಿಯಲ್ಲಿ ಆ ಕಾಡು ಹೊತ್ತಿ ಉರಿದದ್ದನ್ನು ನೋಡಿದ ನಮಗೆ ಮತ್ತೆ ಬೇರೆ ಪಾಠ ಬೇಕೇ? ಅಲ್ಲಿ ನಡುದಾರಿಯಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯೂ ಇಲ್ಲ. ಸೋರುವ ಟ್ಯಾಂಕು ಇಟ್ಟುಕೊಂಡು ಆ ಕಾಡಿಗೆ ನುಗ್ಗುವುದು ಸಾಹಸವಲ್ಲ, ಪಾಪ!

ಅಭಿಮಾನಿ ಗೆಳೆಯರೇ, ನಿಮ್ಮಲ್ಲಿ ಎಷ್ಟೋ ಮಂದಿ ಗ್ಯಾರೇಜಿನಲ್ಲಿ, ವೆಲ್ಡಿಂಗ್ ಷೆಡ್ಡಿನಲ್ಲಿ ದುಡಿಯುವವರು. ಮಾಲೀಕ "ಖಾಲಿ ಟ್ಯಾಂಕು, ಹಚ್ಚೋ" ಅಂದಾಗ "ತೊಳೆದು ನೀರು ತುಂಬದೆ ನಾನು ಹಚ್ಚಲ್ಲ" ಅನ್ನುವುದಕ್ಕೆ ಹತ್ತು ಜನ ರೌಡಿಗಳನ್ನು ಹೊಡೆಯುವುದಕ್ಕಿಂತ ಹೆಚ್ಚು ಗುಂಡಿಗೆ ಬೇಕು. ಹೇಳಿ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಹೀರೋಗೆ ಡ್ಯೂಪ್ ಇರುತ್ತಾನೆ, ಶಾಟ್ ಕೆಟ್ಟರೆ ರೀಟೇಕ್ ಇರುತ್ತದೆ. ನಿಮಗೆ ಇರುವುದು ಎರಡು ಕಣ್ಣು, ಹತ್ತು ಬೆರಳು, ಮನೆಯಲ್ಲಿ ದಾರಿ ಕಾಯುವ ಒಬ್ಬ ಅವ್ವ.