ಶಂಖಕ್ಕೆ ಬೀರು, ಕಲ್ಲುಹೂವಿಗೆ ಗೋಣಿಚೀಲ

ತುಮಕೂರಿನ ಮಂಡಿಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ ಕಾಣುವ ಒಂದು ಪಕ್ಷಪಾತ ಬಹಳ ದಿನದಿಂದ ನನ್ನನ್ನು ಕೊರೆಯುತ್ತಿದೆ. ಶಂಖಕ್ಕೆ ಗಾಜಿನ ಬೀರು. ಕಲ್ಲುಹೂವಿಗೆ ಬಾಯಿ ಮಡಿಸಿದ ಗೋಣಿಚೀಲ. ಒಂದನ್ನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತಾರೆ. ಇನ್ನೊಂದರ ಕಪ್ಪು-ಬೂದು ಚಕ್ಕೆಗಳನ್ನು ಹಿಡಿಯಷ್ಟು ಬಾಚಿ ತಕ್ಕಡಿಗೆ ಎಸೆಯುತ್ತಾರೆ.

ವಂಶಾವಳಿ ಕೆದಕಿದರೆ ಶಂಖವೆಂಬುದು ಮನ್ನಾರ್ ಕೊಲ್ಲಿಯ ಮರಳಿನಲ್ಲಿ ಹುಳ ಹಿಡಿದು ತಿನ್ನುವ ಬಸವನಹುಳುವಿನ ಚಿಪ್ಪು. ಕಲ್ಲುಹೂವು ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ: ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ, ಶಿಲೀಂಧ್ರ ಸೂರು ಕಟ್ಟಿ ನೀರು ಹಿಡಿದಿಡುತ್ತದೆ. ಯಾರ ತಂಟೆಗೂ ಹೋದದ್ದಲ್ಲ. ಆದರೂ ಮೊಟ್ಟೆಯ ಹೆಸರೆತ್ತಿದರೆ ಮುಖ ಸಿಂಡರಿಸುವ ನಮ್ಮ ದೊಡ್ಡಮ್ಮ ಶಂಖದಿಂದ ಬಿದ್ದ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ಪಲಾವಿನಲ್ಲಿ ಕಲ್ಲುಹೂವು ಸಿಕ್ಕರೆ ಕಸವೆಂದು ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಶಂಖ ಅಂದ್ರೆ ಹುಳದ ಮನೆ ದೊಡ್ಡಮ್ಮ ಅಂದರೆ, "ಹುಳ ಅಂತೆ ಹುಳ! ಲಕ್ಷ್ಮಿ ಜೊತೆ ಹುಟ್ಟಿದ್ದು ಕಣೋ ಅದು."

ಈ ತಾರತಮ್ಯ ಮಂಡಿಪೇಟೆಯಲ್ಲಿ ಹುಟ್ಟಿದ್ದೇನಲ್ಲ. ಹಳೆಯ ರೋಮಿನ ಚಕ್ರವರ್ತಿಗಳು ಉಡುತ್ತಿದ್ದ ನೇರಳೆ ಬಣ್ಣ ಮೆಡಿಟರೇನಿಯನ್ ಸಮುದ್ರದ ಮ್ಯೂರೆಕ್ಸ್ ಎಂಬ ಬಸವನಹುಳುವಿನದು. ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ 1909ರಲ್ಲಿ 12,000 ಹುಳುಗಳಿಂದ ತೆಗೆದ ಬಣ್ಣ ಬರೀ 1.4 ಗ್ರಾಂ. ಒಂದು ಸೆರಗಿಗೂ ಸಾಲದು. ನೇರಳೆಯ ಆಸೆ ಉಳಿದವರಿಗೂ ಇರುತ್ತದಲ್ಲ? ಕಲ್ಲುಹೂವಿನ ನೆಂಟ ರೊಸೆಲ್ಲಾವನ್ನು ಹಳಸಿದ ಮೂತ್ರದಲ್ಲಿ ವಾರಗಟ್ಟಲೆ ನೆನೆಹಾಕಿದರು, ಬಂತು ನೇರಳೆ! ಹುಳುವಿನ ಬಣ್ಣ ಬಿಸಿಲಿಗೆ ಜಗ್ಗುವುದಿಲ್ಲ, ಇದು ಮಾಸುತ್ತದೆ, ನಿಜ. ಆದರೆ ರಾಜರ ಬಣ್ಣ ರಾಜರ ಹಿಂದೆಯೇ ಹೋಯಿತು. ರೊಸೆಲ್ಲಾದ ಬಣ್ಣ ಲಿಟ್ಮಸ್ ಆಗಿ ಹೈಸ್ಕೂಲುಗಳ ಪ್ರಯೋಗಶಾಲೆ ಹೊಕ್ಕಿತು. ನಿಂಬೆರಸ ತಗುಲಿದರೆ ಕೆಂಪು, ಸುಣ್ಣದ ತಿಳಿ ತಗುಲಿದರೆ ನೀಲಿ. ಯಾರ ಮನೆಯದೆಂದು ಕೇಳದೆ ಹುಳಿಯನ್ನು ಹುಳಿ ಎಂದು ಹೇಳಿಬಿಡುವ ಕಾಗದ.

ನಮ್ಮಲ್ಲಿ ಮರ್ಯಾದೆಯೆಲ್ಲ ಸತ್ತವರಿಗೆ. ಒಳಗಿನ ಜೀವ ಹೋದ ಮೇಲೆ ತಾನೆ ಶಂಖ ದೇವರ ಮನೆಗೆ ಬಂದದ್ದು? ಕೈದಾಳದ ಚೆನ್ನಕೇಶವನ ಕೈಯಲ್ಲೂ ಅದಕ್ಕೆ ಜಾಗವಿದೆ. ಇತ್ತ ಗುಬ್ಬಿ, ಕುಣಿಗಲ್ ಸೀಮೆಯ ಬಂಡೆಗಳ ಮೇಲೆ ಕಲ್ಲುಹೂವಿನ ಬಳಗ ಬೂದು ಮಚ್ಚೆಗಳಾಗಿ, ವರ್ಷಕ್ಕೆ ಒಂದೋ ಎರಡೋ ಮಿಲಿಮೀಟರ್ ಹಬ್ಬುತ್ತ ಇನ್ನೂ ಬದುಕಿದೆ. ಅಂಗೈಯಗಲದ ಮಚ್ಚೆ ನನಗಿಂತ ಹಿರಿಯದಿದ್ದೀತು. ಬಂಡೆ ಸಿಡಿಸಿ ಕ್ರಷರಿಗೆ ಹಾಕುವಾಗ ಅದರ ವಯಸ್ಸು ಕೇಳುವವರಾರು?

ಇಷ್ಟನ್ನೂ ದೊಡ್ಡಮ್ಮನಿಗೆ ಹೇಳಿದೆ. ಗಮನವಿಟ್ಟು ಕೇಳಿ, "ಹಾಗಾದ್ರೆ ಆ ಬಂಡೆ ಮೇಲಿಂದು ಒಂದಿಷ್ಟು ಕೆರ್ಕೊಂಡು ಬಾ, ಪಲಾವಿಗೆ ಹಾಕಿ ನೋಡೋಣ" ಅಂದರು.