ಐಪಾಡಿನೊಳಗಿನ ವಾಲಿ

ಮೊದಲು ಕೇಳಿಸಿದ್ದು ಟಿಕ್, ಟಿಕ್ ಎಂಬ ಸದ್ದು. ಹಲ್ಲಿ ಲೊಚಗುಟ್ಟಿತೆಂದುಕೊಂಡು ಗೋಡೆ ನೋಡಿದೆ. ಹಲ್ಲಿ ಇರಲಿಲ್ಲ. ಸದ್ದು ಬರುತ್ತಿದ್ದದ್ದು ಮೇಜಿನ ಮೇಲೆ ಚಾರ್ಜಿಗಿಟ್ಟಿದ್ದ ಹಳೆಯ ಐಪಾಡಿನಿಂದ. ತೆರೆಯ ಮೇಲೆ ಸಪ್ಪೆ ಮೋರೆಯ ಪುಟ್ಟ ಐಪಾಡಿನ ಚಿತ್ರ ಮೂಡಿತ್ತು. ಸತ್ತೆ ಎನ್ನುವುದನ್ನು ಇಷ್ಟು ಮುದ್ದಾಗಿ ಹೇಳುವ ಯಂತ್ರವನ್ನು ನಾನು ಬೇರೆ ಕಂಡಿಲ್ಲ.

ಅಪ್ಪ ತೀರಿಕೊಂಡು ಹತ್ತು ವರ್ಷವಾಗುವುದಿತ್ತು. ಊರಿನಿಂದ ಅಕ್ಕ ಫೋನು ಮಾಡಿ, "ಅಪ್ಪನ ಅರ್ಥ ನಿನ್ನ ಹತ್ರ ಉಂಟಲ್ಲ, ತಿಥಿ ದಿನ ಮಕ್ಕಳಿಗೆ ಕೇಳಿಸುವ. ಅವಕ್ಕೆ ಅಜ್ಜನ ಸ್ವರವೇ ಗೊತ್ತಿಲ್ಲ" ಎಂದಿದ್ದಳು. ಉಂಟು ಉಂಟು ಎಂದು ಧೈರ್ಯವಾಗಿ ಹೇಳಿ ಡ್ರಾಯರಿನಿಂದ ಐಪಾಡ್ ತೆಗೆದಿದ್ದೆ.

ಪುತ್ತೂರಿನ ಕಡೆಯ ನಮ್ಮ ಮನೆಯಲ್ಲಿ ಅಪ್ಪನಿಗೆ ಅಡಿಕೆ ತೋಟ ಹೊಟ್ಟೆಪಾಡು, ತಾಳಮದ್ದಳೆ ಉಸಿರು. ದೊಡ್ಡ ಅರ್ಥಧಾರಿಯೇನಲ್ಲ. ಊರ ದೇವಸ್ಥಾನದ ಚಾವಡಿ, ಯಾರದೋ ಮನೆಯ ಪೂಜೆ, ಮಳೆಗಾಲದ ರಾತ್ರಿಗಳ ಕೂಟ, ಇಷ್ಟರಲ್ಲೇ ಅವನ ಹೆಸರು. ಎಲ್ಲಿ ಹೋದರೂ ಒಂದು ಟೇಪ್ ರೆಕಾರ್ಡರ್ ಜೊತೆಗೆ. ಭಾಗವತರ ಕಾಲ ಬುಡದಲ್ಲಿ ಅದನ್ನಿಟ್ಟು, ಕ್ಯಾಸೆಟ್ಟಿನ ಒಂದು ಬದಿ ಮುಗಿದಾಗ ಮಗುಚಿ ಹಾಕುವ ಕೆಲಸ ಚಿಕ್ಕಂದಿನಲ್ಲಿ ನನ್ನದು. ನಾನು ನಿದ್ದೆಗೆ ಜಾರಿದಲ್ಲೆಲ್ಲ ಕರ್ಣನೋ ಕೃಷ್ಣನೋ ಅರ್ಧಕ್ಕೇ ನಿಂತುಹೋಗಿದ್ದಾರೆ.

ತಾಳಮದ್ದಳೆಯಲ್ಲಿ ಪದ್ಯವಷ್ಟೇ ಬರೆದಿಟ್ಟದ್ದು. ಮಾತು ಆ ಹೊತ್ತಿಗೆ, ಎದುರು ಕೂತವನು ಏನೆಂದನೋ ಅದರಿಂದ ಹುಟ್ಟಬೇಕು. ಹಾಗಾಗಿ ಅಪ್ಪ ಆಡಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಕ್ಯಾಸೆಟ್ಟಿನಲ್ಲಿ ಮಾತ್ರ ಇತ್ತು.

ಅಮೆರಿಕದಿಂದ ಬಂದ ಭಾವ 2006ರ ಕೊನೆಗೆ ಈ ಐಪಾಡ್ ತಂದುಕೊಟ್ಟರು. ಮೂವತ್ತು ಜಿಬಿಯದು, ಬಿಳಿ ಮುಖ, ಕನ್ನಡಿಯಂಥ ಉಕ್ಕಿನ ಬೆನ್ನು. 2008ರ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿಯುತ್ತಿದ್ದುದು ಕಂಡಿತು. ಕರಾವಳಿಯ ಮಳೆಗಾಲ ಕ್ಯಾಸೆಟ್ಟಿಗೂ ಹಪ್ಪಳಕ್ಕೂ ಒಂದೇ ರೀತಿಯ ಶತ್ರು. ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ಒಂದು ವಯರು ಎಳೆದು 41 ಕ್ಯಾಸೆಟ್ಟುಗಳನ್ನು ಎಂಪಿ3 ಮಾಡಿದೆ. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷವೇ ಬೇಕು. ಎಲ್ಲ ಸೇರಿ ಮೂರೂವರೆ ಜಿಬಿ ಆಯಿತು. ಐಪಾಡಿಗೆ ತುಂಬಿಸಿ ಅಪ್ಪನ ಕೈಗೆ ಕೊಟ್ಟೆ.

ಇಂಗ್ಲಿಷ್ ಮೆನು ಓದುವ ಗೋಜಿಗೆ ಅಪ್ಪ ಹೋಗಲಿಲ್ಲ. ಎಷ್ಟು ಸಲ ಒತ್ತಬೇಕು, ಚಕ್ರವನ್ನು ಎಷ್ಟು ತಿರುಗಿಸಬೇಕು ಎಂದು ಲೆಕ್ಕ ಇಟ್ಟುಕೊಂಡ. ಅಂಗಿಯ ಕಿಸೆಯಲ್ಲಿ ಅದನ್ನು ಹಾಕಿಕೊಂಡು, ಕಿವಿಗೆ ವಯರು ಸಿಕ್ಕಿಸಿ, ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ. ಕೇಳುತ್ತಿದ್ದುದು ಹೆಚ್ಚಾಗಿ ಶೇಣಿ ಗೋಪಾಲಕೃಷ್ಣ ಭಟ್ಟರನ್ನು. ತನ್ನದನ್ನು ನನ್ನೆದುರು ಕೇಳಿದ್ದು ಒಂದೇ ಸಲ. "ವಾಲಿ ಇಲ್ಲಿ ತಪ್ಪಿದ. ಇಷ್ಟು ಬೇಗ ಸೋಲಬಾರದಿತ್ತು" ಎಂದು ಮುಂದೆ ಓಡಿಸಿದ.

ಆಮೇಲಿನದೆಲ್ಲ ನನ್ನ ದಡ್ಡತನ. 2011ರಲ್ಲಿ ಲ್ಯಾಪ್‌ಟಾಪ್ ಕೆಟ್ಟಿತು, ಗುಜರಿಗೆ ಕೊಟ್ಟೆ. 2016ರಲ್ಲಿ ಮನೆಯ ಮಾಡು ರಿಪೇರಿ ಮಾಡಿಸುವಾಗ ಅಟ್ಟದ ಮೇಲಿನ ಕ್ಯಾಸೆಟ್ಟಿನ ಪೆಟ್ಟಿಗೆಯನ್ನು, ಎಲ್ಲ ಐಪಾಡಿನಲ್ಲಿ ಉಂಟಲ್ಲ ಎಂದು, ನಾನೇ ಬಿಸಾಡಿಸಿದೆ. ಆಫೀಸಿನಲ್ಲಿ ಯಾರದೋ ಬ್ಯಾಂಕಿನ ಲೆಕ್ಕವನ್ನು ಮೂರು ಕಡೆ ಪ್ರತಿ ಮಾಡಿಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅಪ್ಪನ ಸ್ವರಕ್ಕೆ ಇದ್ದದ್ದು ಒಂದೇ ಪ್ರತಿ, ಅದೂ ಟಿಕ್ ಟಿಕ್ ಎನ್ನುವ ಡಿಸ್ಕಿನಲ್ಲಿ.

2001ರ ಅಕ್ಟೋಬರಿನಲ್ಲಿ ಬಂದ ಮೊದಲ ಐಪಾಡಿಗೆ ಇದ್ದದ್ದು ಐದು ಜಿಬಿ. ಕಿಸೆಯಲ್ಲಿ ಸಾವಿರ ಹಾಡು ಎಂದು ಸ್ಟೀವ್ ಜಾಬ್ಸ್ ಅದನ್ನು ತೋರಿಸಲು ಆದದ್ದು ತೋಶಿಬಾದವರು ಮಾಡಿದ 1.8 ಇಂಚಿನ ಹಾರ್ಡ್ ಡಿಸ್ಕಿನಿಂದ. ನನ್ನದರಲ್ಲಿ ಇದ್ದದ್ದೂ ಅದೇ ಅಳತೆಯದು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅದಕ್ಕಿಂತ ತೆಳು. ಒಳಗೆ ನಿಮಿಷಕ್ಕೆ 4200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ತಾಗಿಯೂ ತಾಗದಂತೆ ಆಡುವ ಓದುಮುಳ್ಳು. ಡಿಸ್ಕು ಸದಾ ತಿರುಗುತ್ತಲೂ ಇರುವುದಿಲ್ಲ. ಒಮ್ಮೆ ಎದ್ದು ಮುಂದಿನ ಕೆಲವು ಹಾಡುಗಳನ್ನು 32 ಎಂಬಿಯ ಮೆಮೊರಿಗೆ ತುಂಬಿಸಿ ಮಲಗಿಬಿಡುತ್ತದೆ. ಹಾಗಾಗಿ ಬ್ಯಾಟರಿ ಬಾಳುತ್ತದೆ. ಅಂಗೈಯಲ್ಲಿ ಹಿಡಿದರೆ ಅದು ಎದ್ದದ್ದು ಗೊತ್ತಾಗುತ್ತಿತ್ತು, ಕೋಳಿಮರಿ ಮಿಸುಕಿದ ಹಾಗೆ. ಓದುಮುಳ್ಳಿಗೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಬಂದು ಬೀಳುವುದೇ ಆ ಟಿಕ್ ಟಿಕ್.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಪುಟ್ಟ ಅಂಗಡಿಗೆ ಒಯ್ದೆ. ಕೌಂಟರಿನ ಹುಡುಗ ಕೈಯಲ್ಲಿ ತಿರುಗಿಸಿ ನೋಡಿ, "ಡಿಸ್ಕ್ ಹೋಗಿದೆ ಸರ್. ಅದನ್ನ ಬಿಸಾಕಿ ಮೆಮೊರಿ ಕಾರ್ಡ್ ಹಾಕ್ಕೊಡ್ತೀನಿ. ಒನ್ ಅವರ್ ಕೆಲಸ" ಎಂದ.

"ಒಳಗಿರೋದು?"

"ಹಾಡು ತಾನೆ ಸರ್? ಎಲ್ಲಾ ಯೂಟ್ಯೂಬಲ್ಲಿದೆ."

ಅವನ ಮೇಲೆ ಸಿಟ್ಟು ಬರಲಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಗಿರಾಕಿಗಳಿಗೆ ಅವನು ಹೇಳಿದ್ದೇ ಸರಿ. ಐಪಾಡ್ ಕಿಸೆಗಿಟ್ಟುಕೊಂಡು ವಾಪಸು ಬಂದೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ ನೋಡು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. ಹೊರತೆಗೆದಾಗ ಒಳಗೆಲ್ಲ ಪಸೆ ಹಿಡಿದರೆ ಇದ್ದದ್ದೂ ಹೋಗುತ್ತದೆ. ಅದನ್ನು ಮಾಡಲಿಲ್ಲ.

ಐಪಾಡನ್ನು ಬಿಚ್ಚದೆಯೇ ಡಿಸ್ಕ್ ಓದುವ ದಾರಿ ಒಂದಿದೆ. ಮೆನು ಮತ್ತು ನಡುಗುಂಡಿಯನ್ನು ಒಟ್ಟಿಗೆ ಹಿಡಿದರೆ ಅದು ಮತ್ತೆ ಮೊದಲಿಂದ ಏಳುತ್ತದೆ. ಏಳುವಾಗ ನಡುಗುಂಡಿ ಮತ್ತು ಪ್ಲೇ ಗುಂಡಿ ಹಿಡಿದರೆ ಹಾಡುವುದನ್ನು ಬಿಟ್ಟು ಬರೀ ಡಿಸ್ಕಿನಂತೆ ಕಂಪ್ಯೂಟರಿಗೆ ಕಾಣಿಸಿಕೊಳ್ಳುತ್ತದೆ. ಏಳನೆಯ ಪ್ರಯತ್ನಕ್ಕೆ ಕಾಣಿಸಿತು. ಆಗ ಆಸೆಗೆ ಬಿದ್ದು ಒಂದೊಂದೇ ಫೈಲು ಎಳೆಯಲು ಹೋಗಬಾರದು. ಕೆಟ್ಟ ಜಾಗಕ್ಕೆ ಸಿಕ್ಕಿಹಾಕಿಕೊಂಡು ಡಿಸ್ಕು ಅಲ್ಲೇ ಒದ್ದಾಡಿ ಸಾಯಬಹುದು. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್ ಇದೆ. ಅದು ಇಡೀ ಡಿಸ್ಕನ್ನು ಫೈಲಿನ ಗೊಡವೆಯಿಲ್ಲದೆ ಬೈಟ್ ಬೈಟಾಗಿ ನಕಲು ಮಾಡುತ್ತದೆ. ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಸಿಗದ್ದನ್ನು ಗುರುತು ಹಾಕಿಟ್ಟು, ಕೊನೆಗೆ ಅವುಗಳ ಹತ್ತಿರ ಮರಳುತ್ತದೆ. ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಯುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವವರೂ ಹೀಗೇ ಮಾಡುವುದು. ಮೊದಲು ಬಯಲಲ್ಲಿರುವುದು, ಆಮೇಲೆ ಪೊದೆಯೊಳಗಿನದು.

ಎರಡು ರಾತ್ರಿ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ಗಂಟೆಗಟ್ಟಲೆ ಅಂಕಿ ಓಡುತ್ತಿತ್ತು, ಥಟ್ಟನೆ ನಿಲ್ಲುತ್ತಿತ್ತು, ಟಿಕ್ ಟಿಕ್ ಶುರುವಾಗುತ್ತಿತ್ತು. ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತು ಮಾನಿಟರಿನ ಅಂಕಿ ನೋಡುತ್ತಿದ್ದ ರಾತ್ರಿಗಳ ನೆನಪಾಗದಿರಲಿ ಎಂದು ಮೊಬೈಲಿನಲ್ಲಿ ಏನೇನೋ ನೋಡಿದೆ. ನೆನಪಾಯಿತು.

ಎರಡನೆಯ ಬೆಳಿಗ್ಗೆ ನೋಡಿದರೆ 30 ಜಿಬಿಯಲ್ಲಿ ಓದಲಾಗದೆ ಉಳಿದದ್ದು ಒಂಬತ್ತು ಎಂಬಿ.

ನಕಲನ್ನು ತೆರೆದಾಗ ಮತ್ತೊಂದು ತಮಾಷೆ. ಐಪಾಡ್ ಹಾಡುಗಳನ್ನು ಅವುಗಳ ಹೆಸರಿನಿಂದ ಇಟ್ಟುಕೊಳ್ಳುವುದಿಲ್ಲ. ಅಡಗಿಸಿಟ್ಟ ಒಂದು ಫೋಲ್ಡರಿನಲ್ಲಿ ಎಫ್00, ಎಫ್01 ಎಂದು ಸಾಲು ಕೋಣೆಗಳು, ಅದರೊಳಗೆ ಅರ್ಥವಿಲ್ಲದ ನಾಲ್ಕಕ್ಷರದ ಹೆಸರುಗಳು. ಕೃಷ್ಣಸಂಧಾನದ ಒಂದು ಭಾಗ ಒಂದು ಕೋಣೆಯಲ್ಲಿ, ಇನ್ನೊಂದು ಭಾಗ ಸಿನಿಮಾ ಹಾಡಿನ ಮಗ್ಗುಲಲ್ಲಿ. ಪುಣ್ಯಕ್ಕೆ ನಾನು 2008ರಲ್ಲಿ ಬರೆದಿದ್ದ ಹೆಸರುಗಳು ಪ್ರತಿ ಫೈಲಿನ ಹೊಟ್ಟೆಯೊಳಗೆ ಹಾಗೇ ಇದ್ದವು. ಅವನ್ನು ಓದಿ ಮತ್ತೆ ಹೆಸರಿಡುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟೆ. 41 ಕ್ಯಾಸೆಟ್ಟೂ ಎದ್ದು ಬಂದವು. ಅಕ್ಕನಿಗೆ ಫೋನಿನಲ್ಲೇ ಕಳಿಸಿಕೊಟ್ಟೆ. ಈ ಸಲ ಮೂರು ಕಡೆ ಪ್ರತಿ ಇಟ್ಟೆ.

"ಇನ್ನು ಐಪಾಡ್ ಯಾಕೆ? ಎಲ್ಲ ಫೋನಲ್ಲಿ ಬಂತಲ್ಲ" ಎಂದಳು ಹೆಂಡತಿ. ಉತ್ತರ ಇರಲಿಲ್ಲ. ಅಷ್ಟರಲ್ಲಿ ಆನ್‌ಲೈನಿನಲ್ಲಿ ತರಿಸಿದ ಅಡಾಪ್ಟರು ಬಂದಿತ್ತು. ಡಿಸ್ಕಿನ ಜಾಗದಲ್ಲಿ ಕೂರುವ ಪುಟ್ಟ ಹಸಿರು ಹಲಗೆ ಅದು, ಒಂದು ತುದಿಯಲ್ಲಿ ಮೆಮೊರಿ ಕಾರ್ಡ್ ತೂರಿಸುವ ಗೂಡು. 128 ಜಿಬಿಯ ಕಾರ್ಡು, ಹೊಸ ಬ್ಯಾಟರಿ. ಇಂಥ ಐಪಾಡ್ ಕ್ಲಾಸಿಕ್ ಮಾರಾಟ ನಿಂತದ್ದು 2014ರ ಸೆಪ್ಟೆಂಬರಿನಲ್ಲಿ, ಅಪ್ಪ ಹೋದ ವರ್ಷವೇ. ಬಿಡಿಭಾಗಗಳು ಮಾತ್ರ ಇನ್ನೂ ಸಿಗುತ್ತವೆ.

ಬಿಚ್ಚುವುದು ಜಾಣತನದ ಕೆಲಸವಲ್ಲ, ತಾಳ್ಮೆಯದು. ಒಂದೂ ಸ್ಕ್ರೂ ಹೊರಗೆ ಕಾಣುವುದಿಲ್ಲ. ಬಿಳಿ ಮುಖಕ್ಕೂ ಉಕ್ಕಿನ ಬೆನ್ನಿಗೂ ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಚಕ್ಕೆ ತೂರಿಸಿ, ಒಳಗಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಬೇಕು. ಬಿಟ್ಟುಕೊಂಡಿತು ಎಂಬ ಖುಷಿಯಲ್ಲಿ ಎರಡು ಹೋಳನ್ನು ಎಳೆದಿರೋ ಕೆಟ್ಟಿತು. ಕಾಗದದಂಥ ಎರಡು ಪಟ್ಟಿಗಳು, ಒಂದು ಬ್ಯಾಟರಿಯದು, ಇನ್ನೊಂದು ಇಯರ್‌ಫೋನಿನದು, ಮುಂದಕ್ಕೂ ಹಿಂದಕ್ಕೂ ಹೊಲಿಗೆ ಹಾಕಿದಂತೆ ಇರುತ್ತವೆ. ಅವಸರಕ್ಕೆ ಹುಟ್ಟಿದ ನಾನು ಅಂದು ಉಸಿರು ಬಿಗಿಹಿಡಿದು ಅರ್ಧ ಗಂಟೆ ತೆಗೆದುಕೊಂಡೆ. ಆದರೂ ಬೆನ್ನಿನ ಒಂದು ಮೂಲೆ ಬಾಗಿತು. ಅಂಚಿನ ಸಂದಿಯಲ್ಲಿ ಕಂದು ಬಣ್ಣದ ಹುಡಿ ಕೂತಿತ್ತು. ಅಡಿಕೆ ಸಿಪ್ಪೆಯದು. ಬ್ರಷ್ ಹಿಡಿದವನು ಅದನ್ನು ಹಾಗೇ ಬಿಟ್ಟೆ.

ಹಳೆಯ ಡಿಸ್ಕಿನ ಜಾಗದಲ್ಲಿ ಹಲಗೆ ಕೂರಿಸಿ, ಮುಚ್ಚದೆಯೇ ಕಂಪ್ಯೂಟರಿಗೆ ಸಿಕ್ಕಿಸಿ ಮೊದಲಿನಿಂದ ತುಂಬಿಸಿದೆ. ಹಾಡಿತು. ಒಂದು ಕೊರತೆ: ಈಗ ಕೈಯಲ್ಲಿ ಹಿಡಿದರೆ ಒಳಗೆ ಏನೂ ಮಿಸುಕುವುದಿಲ್ಲ.

ಒಂಬತ್ತು ಎಂಬಿ ಎಲ್ಲಿ ಹೋಯಿತು ಎಂದು ಗೊತ್ತಾದದ್ದು ಕೇಳುತ್ತ ಕೂತಾಗಲೇ. ಹೆಚ್ಚಿನದು ಸಿನಿಮಾ ಹಾಡುಗಳಲ್ಲಿ. ವಾಲಿವಧೆಯಲ್ಲಿ 1.3 ಎಂಬಿ. ನಾನು ಮಾಡಿಟ್ಟ ಎಂಪಿ3ಯಲ್ಲಿ ಸೆಕೆಂಡಿಗೆ 16 ಕಿಲೋಬೈಟ್. ಅಂದರೆ ಸುಮಾರು ಎಂಬತ್ತು ಸೆಕೆಂಡು ಮಾತು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಿದ್ದಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಎದುರು ಬರಲು ಏನಡ್ಡಿಯಿತ್ತು ಎಂದು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಅರಸ ಕೊಡುವ ಶಿಕ್ಷೆ ಇದು ಎನ್ನುತ್ತಾನೆ ರಾಮ. ಅಪ್ಪ ಗಂಟಲು ಸರಿಮಾಡಿಕೊಂಡು, "ಶಿಕ್ಷೆಯೋ? ಹಾಗಾದರೆ ರಾಮಾ..." ಎಂದು ಶುರುಮಾಡುತ್ತಾನೆ. ಅಲ್ಲಿಗೆ ಸರಿ. ಮೌನ ಕೂಡ ಇಲ್ಲ, ಖಾಲಿ ಜಾಗವನ್ನು ಹಾರಿ ಐಪಾಡ್ ನೇರ ಮುಂದಕ್ಕೆ ಹೋಗುತ್ತದೆ. ಸಭೆ ನಗುತ್ತಿದೆ. ರಾಮ ಸಾವರಿಸಿಕೊಂಡು, "ಈ ಮಾತು ಒಪ್ಪಿದೆ" ಎನ್ನುತ್ತಿದ್ದಾನೆ.

ಏನು ಒಪ್ಪಿದ?

ಆ ರಾಮ ಇದ್ದಾರೆ. ಅಪ್ಪನ ಜೊತೆಗಾರರು, ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಈಗ 84 ವರ್ಷ. ತಿಥಿಯ ಮರುದಿನ ಐಪಾಡ್ ಹಿಡಿದು ಅವರ ಮನೆಗೆ ಹೋದೆ. ಶ್ರವಣಯಂತ್ರ ತೆಗೆದಿಟ್ಟು ಇಯರ್‌ಫೋನ್ ಹಾಕಿಕೊಂಡರು. ಕಣ್ಣು ಮುಚ್ಚಿ ಕೇಳಿದರು. ಆ ಜಾಗ ಬಂದಾಗ ಕಣ್ಣು ತೆರೆದರು.

"ಇಲ್ಲಿ ಎಂಥದೋ ತುಂಡಾಗಿದೆ."

"ಹೌದು ಮಾಷ್ಟ್ರೇ, ಹೋಗಿದೆ. ಅಪ್ಪ ಏನು ಹೇಳಿದ್ದು, ನಿಮಗೆ ನೆನಪುಂಟಾ?"

"ಎಷ್ಟು ವರ್ಷವಾಯ್ತು ಮಾರಾಯ. ಒಂದೇ ವಾಲಿಯಾ ನಿನ್ನ ಅಪ್ಪ ನನಗೆ ಹೇಳಿದ್ದು? ಪ್ರತಿ ಸಲ ಬೇರೆ ಕಡೆಯಿಂದ ಹಿಡೀತಿದ್ದ." ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ನಾನು ಒಪ್ಪಿದೆ ಅಂತ ಹೇಳಿದೆನಾ? ಹಾಗಾದ್ರೆ ದೊಡ್ಡ ಮಾತೇ ಇರಬೇಕು. ನಾನು ಹಾಗೆಲ್ಲ ಒಪ್ಪುವವನಲ್ಲ."

ಮತ್ತೊಮ್ಮೆ ಕೇಳಬೇಕೆಂದು ತಾವೇ ಹೆಬ್ಬೆರಳಿನಿಂದ ಚಕ್ರ ತಿರುಗಿಸಲು ನೋಡಿದರು. ಅವರ ಒಣಗಿದ ಬೆರಳು ಅದಕ್ಕೆ ತಿಳಿಯಲಿಲ್ಲ. ನಾನು ಹಿಂದಕ್ಕೆ ತಿರುಗಿಸಿ ಕೊಟ್ಟೆ. "ಶಿಕ್ಷೆಯೋ? ಹಾಗಾದರೆ ರಾಮಾ..." ಬಂದಿರಬೇಕು, ಮಾಷ್ಟ್ರು ಕೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದರು. ನಿಲ್ಲಿಸಿದೆ. ಕುರ್ಚಿಯಲ್ಲಿ ನೆಟ್ಟಗಾದರು. ಇಯರ್‌ಫೋನ್ ಕಿವಿಯಲ್ಲಿದ್ದುದರಿಂದ ಸ್ವರ ತೀರ ದೊಡ್ಡದಾಯಿತು, ಒಳಗಿಂದ ಅವರ ಸೊಸೆ ಗಾಬರಿಯಾಗಿ ಹೊರಗೆ ಬಂದರು. ಮಾಷ್ಟ್ರು ಅಪ್ಪನ ಕಡೆಯ ಮಾತನ್ನೇ ಹಿಡಿದು, ರಾಮನ ವಿರುದ್ಧ, ವಾಲಿಯ ಅರ್ಥ ಹೇಳತೊಡಗಿದ್ದರು.